ಬೆಟ್ಟ ಇಳಿದ ಮೇಲೂ ಮನಸ್ಸು ಹಗುರವಾಗಿರಲಿ



ಮೆಟ್ಟಿಲು ಹತ್ತಿ ಬಂದು, ದರ್ಶನ ಮಾಡಿ, ತೀರ್ಥ ತಗೊಂಡು ಮಂಟಪದಲ್ಲಿ ಕೂತವರನ್ನು ಕೇಳಿದರೆ "ಮನಸ್ಸು ಹಗುರ ಆಯ್ತು ಸ್ವಾಮಿ" ಅಂತಾರೆ. ಅದೇ ಭಕ್ತರು ಮುಂದಿನ ವರ್ಷ ಸೇವಾ ರಸೀದಿ ಬರೆಸಲು ಬಂದಾಗ "ಊರಿಗೆ ಹೋದ ಎಂಟೇ ದಿನಕ್ಕೆ ಮತ್ತೆ ಅದೇ ಚಿಂತೆ" ಅನ್ನುತ್ತಾರೆ. ಹೀಗೆ ಯಾಕೆ?

ಇಲ್ಲಿ ದೇವರ ಕೃಪೆಯ ಜೊತೆಗೆ ನಾವೂ ಕೆಲವು ಕೆಲಸ ಮಾಡಿರುತ್ತೇವೆ. ನಡೆದಿರುತ್ತೇವೆ, ಕೂತು ಉಸಿರು ಸುಧಾರಿಸಿಕೊಂಡಿರುತ್ತೇವೆ, ಕಷ್ಟವನ್ನು ಬಾಯಿಬಿಟ್ಟು ಹೇಳಿಕೊಂಡಿರುತ್ತೇವೆ. ಊರು ಸೇರಿದ ಕೂಡಲೇ ಇವನ್ನೆಲ್ಲ ಬಿಟ್ಟುಬಿಡುತ್ತೇವೆ.

ಚಿಂತೆ, ಸಿಟ್ಟು ಬಂದಾಗ ದೇಹದಲ್ಲಿ ಅಡ್ರಿನಲಿನ್ ಎಂಬ ರಸ ಹೆಚ್ಚುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಬಿಪಿ ಏರುತ್ತದೆ. ಹುಲಿ ಎದುರಾದಾಗ ಓಡಲು ಇದು ಬೇಕು. ಆದರೆ ಸಾಲದ ಕಂತು, ಮಗಳ ಮದುವೆ ಹುಲಿಯಂತೆ ಬಂದು ಹೋಗುವಂಥವಲ್ಲ. ದಿನಾ ಇರುತ್ತವೆ. ಆದ್ದರಿಂದ ಸಮಾಧಾನದ ಅಭ್ಯಾಸವೂ ದಿನಾ ಬೇಕು.

1. ಉಸಿರು: ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಳ್ಳಿ, ಆರು ಎಣಿಸುತ್ತಾ ನಿಧಾನವಾಗಿ ಬಿಡಿ. ಐದು ನಿಮಿಷ ಸಾಕು, ಎದೆಬಡಿತ ಹತೋಟಿಗೆ ಬರುತ್ತದೆ. ಎಣಿಕೆಯ ಬದಲು ದೇವರ ನಾಮ ಹೇಳಿಕೊಂಡರೂ ಸರಿಯೇ.

2. ನಡಿಗೆ: ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಬಿರುಸಾಗಿ ನಡೆಯಿರಿ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

3. ನಿದ್ದೆ: ಸಂಜೆಯ ಮೇಲೆ ಕಾಫಿ, ಟೀ ಬೇಡ. ಮಲಗುವಾಗ ಮೊಬೈಲ್ ದೂರ ಇಡಿ. ಕುಡಿದರೆ ಚೆನ್ನಾಗಿ ನಿದ್ದೆ ಬರುತ್ತದೆ ಎನ್ನುವುದು ತಪ್ಪು. ಬೇಗ ನಿದ್ದೆ ಹತ್ತಬಹುದು, ಆದರೆ ನಡುರಾತ್ರಿ ಎಚ್ಚರವಾಗುತ್ತದೆ.

4. ಹೇಳಿಕೊಳ್ಳುವುದು: ಒಮ್ಮೆ ಹಿರಿಯರೊಬ್ಬರು ಅರ್ಚನೆ ಬರೆಸುತ್ತಾ, ಎರಡು ವರ್ಷದಿಂದ ಸಾಲದ ವಿಷಯ ಹೆಂಡತಿಗೂ ಹೇಳಿಲ್ಲ ಅಂದರು. ಗುರುತಿಲ್ಲದ ಗುಮಾಸ್ತನಾದ ನನ್ನ ಹತ್ತಿರ ಹೇಳಿದರು! "ಯಜಮಾನರೇ, ಇದನ್ನೇ ಮನೇಲಿ ಹೇಳಿ" ಅಂದೆ. ಮುಂದಿನ ಸಲ ಇಬ್ಬರೂ ಬಂದಿದ್ದರು. "ಸಾಲ ಇನ್ನೂ ತೀರಿಲ್ಲ, ಆದರೆ ರಾತ್ರಿ ನಿದ್ದೆ ಬರ್ತಿದೆ" ಅಂದರು.

ಕೊನೆಯದಾಗಿ ಒಂದು ವಿನಂತಿ. ಹರಕೆ ಹೊತ್ತೆವೆಂದು ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಬೇಡಿ. ಎರಡು ವಾರವಾದರೂ ನಿದ್ದೆ ಬಾರದೆ, ಊಟ ಸೇರದೆ ಇದ್ದರೆ ಡಾಕ್ಟರನ್ನು ನೋಡಿ, ಇದರಲ್ಲಿ ನಾಚಿಕೆಯಿಲ್ಲ. ಬದುಕೇ ಬೇಡ ಅನ್ನಿಸಿದರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ. ಮನೆಯವರಿಗೆ ತಿಳಿಸಿ, ಇಲ್ಲವೇ 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈ ಪುಸ್ತಕವನ್ನು ದೇವರ ಮನೆಯಲ್ಲಿ ಇಟ್ಟುಬಿಡಬೇಡಿ, ನಾಳೆಯಿಂದಲೇ ಒಂದನ್ನಾದರೂ ಶುರು ಮಾಡಿ. ಸ್ವಾಮಿಯು ಎಲ್ಲರಿಗೂ ಆಯುರಾರೋಗ್ಯ ಕೊಟ್ಟು ಕಾಪಾಡಲಿ.