ಮಸೂರಗಳ ವ್ಯಾಪ್ತಿ ಮತ್ತು ಪುನರುಕ್ತಿ ವಿಚಾರ

ವಿದ್ಯಾಸಂಸ್ಥೆಯೊಂದರ ಚರಿತ್ರೆಯು ಅದರ ಹಾಜರಿ ಪುಸ್ತಕಗಳಲ್ಲಿ ಎಷ್ಟು ಅಡಗಿದೆಯೋ ಅಷ್ಟೇ ಅದರ ಛಾಯಾಚಿತ್ರಗಳಲ್ಲಿಯೂ ಅಡಗಿದೆ. ಮಠಗಳ ಆಶ್ರಯದಲ್ಲಿ ಅನ್ನ, ವಸತಿ, ವಿದ್ಯೆಗಳನ್ನು ಪಡೆದು ಬೆಳೆದ ಅನೇಕ ಬಡಮಕ್ಕಳಿಗೆ ಬಾಲ್ಯದ ಚಿತ್ರವೆಂದು ಉಳಿದಿರುವುದು ಶಾಲೆಯ ಅಂಗಳದಲ್ಲಿ ತೆಗೆದ ತರಗತಿಯ ಗುಂಪುಚಿತ್ರವೊಂದೇ. ಆ ಚಿತ್ರದಲ್ಲಿ ಹಿಂದಿನ ಸಾಲಿನ ಹುಡುಗನ ಮುಖ ಮಸುಕಾಗಿದ್ದರೆ ಅವನಿಗೆ ಮತ್ತೊಂದು ಚಿತ್ರವಿಲ್ಲ. ಕಳೆದ ವಯಸ್ಸು ಮರಳಿ ಬರುವುದೂ ಇಲ್ಲ. ಆದುದರಿಂದ ಶಾಲೆಯ ಛಾಯಾಗ್ರಹಣ ಸಲಕರಣೆಗಳ ವಿಷಯವನ್ನು ವಿನೋದದ ವಿಷಯವೆಂದು ತಳ್ಳಿಹಾಕುವುದು ಉಚಿತವಲ್ಲ.

ಕ್ಯಾಮೆರಾ ಇರುವ ಅನೇಕ ಕಡೆ ಕಾಣುವ ತೊಂದರೆ ಸಲಕರಣೆಯ ಅಭಾವವಲ್ಲ, ಅದರ ಅಸಮತೆ. ಒಂದೇ ವ್ಯಾಪ್ತಿಯನ್ನು ಆವರಿಸುವ ಮಸೂರಗಳು ಎರಡು ಮೂರು ಕಪಾಟಿನಲ್ಲಿ ಸೇರಿರುತ್ತವೆ. ನಿಜವಾಗಿ ಬೇಕಾದ ಒಂದು ಇರುವುದಿಲ್ಲ. ಒಂದರ ವ್ಯಾಪ್ತಿಯ ಮೇಲೆ ಮತ್ತೊಂದರ ವ್ಯಾಪ್ತಿ ಹಾಯುವುದು ಎಲ್ಲಿ ದೋಷ, ಎಲ್ಲಿ ಗುಣ ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಪದವಿಚಾರ

ಬಳಕೆಯ ಮಾತಿನಲ್ಲಿ ಲೆನ್ಸ್ ಎನ್ನುವುದನ್ನು ಶಾಸ್ತ್ರಗ್ರಂಥಗಳು ಮಸೂರವೆನ್ನುತ್ತವೆ. ಮಸೂರವೆಂದರೆ ಚನ್ನಂಗಿ ಕಾಳು. ಎರಡೂ ಮುಖ ಉಬ್ಬಿದ ಗಾಜಿನ ಬಿಲ್ಲೆ ಆ ಕಾಳಿನ ಆಕಾರವನ್ನೇ ಹೋಲುತ್ತದೆ. ಲ್ಯಾಟಿನ್ ಭಾಷೆಯ ಲೆನ್ಸ್ ಎಂಬ ಶಬ್ದದ ಮೂಲಾರ್ಥವೂ ಅದೇ ಕಾಳು. ದೂರದ ಎರಡು ಭಾಷೆಗಳ ಶಬ್ದಗಳು ಒಂದೇ ಧಾನ್ಯದಲ್ಲಿ ಬಂದು ಕೂಡಿರುವುದು ಸ್ವಾರಸ್ಯಕರ.

ದೂರದಿಂದ ಸಮಾಂತರವಾಗಿ ಬಂದ ಕಿರಣಗಳು ಮಸೂರವನ್ನು ಹಾದು ಒಂದು ಬಿಂದುವಿನಲ್ಲಿ ಕೂಡುತ್ತವೆ. ಮಸೂರದಿಂದ ಆ ಬಿಂದುವಿಗಿರುವ ಅಂತರವೇ ಸಂಗಮದೂರ. ಇದನ್ನು ಮಿಲಿಮೀಟರುಗಳಲ್ಲಿ ಹೇಳುವುದು ರೂಢಿ. ಸಂಗಮದೂರ ಕಡಿಮೆಯಾದಷ್ಟೂ ವಿಶಾಲವಾದ ದೃಶ್ಯ ಚಿತ್ರದೊಳಗೆ ಬರುತ್ತದೆ. ಹೆಚ್ಚಿದಷ್ಟೂ ದೃಶ್ಯ ಕಿರಿದಾಗಿ ದೂರದ ವಸ್ತು ಹತ್ತಿರ ಬಂದಂತೆ ಕಾಣುತ್ತದೆ.

ಹಿಂದೆ ಒಂದು ಮಸೂರಕ್ಕೆ ಒಂದೇ ಸಂಗಮದೂರವಿರುತ್ತಿತ್ತು. ೨೮, ೫೦, ೧೩೫ ಎಂದು ಮೂರನ್ನು ಕೊಂಡವನಿಗೆ ವ್ಯಾಪ್ತಿಗಳ ಘರ್ಷಣೆ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ೩೫ ಮಿ.ಮೀ. ಫಿಲ್ಮಿನ ಸ್ಥಿರಚಿತ್ರ ಕ್ಯಾಮೆರಾಗಳಿಗೆಂದು ೧೯೫೯ರಲ್ಲಿ ಜೂಮಾರ್ ಎಂಬ ೩೬ರಿಂದ ೮೨ ಮಿ.ಮೀ.ವರೆಗಿನ ಮಸೂರ ಬಂದಿತು. ೧೯೬೩ರಲ್ಲಿ ನಿಕಾನ್ ಸಂಸ್ಥೆಯ ೪೩ರಿಂದ ೮೬ರವರೆಗಿನದು ಬಂದಿತು. ಹೀಗೆ ಬಿಂದುವಾಗಿದ್ದುದು ರೇಖೆಯಾದಾಗ, ಒಂದು ರೇಖೆಯ ಮೇಲೆ ಮತ್ತೊಂದು ರೇಖೆ ಹಾಯುವ ಸಂದರ್ಭವೂ ಒದಗಿತು.

ಲೆಕ್ಕದ ಕ್ರಮ

ಯಾವ ಕೆಲಸಕ್ಕೆ ಯಾವ ಸಂಗಮದೂರ ಬೇಕೆಂಬುದು ಮಾಧ್ಯಮಿಕ ಶಾಲೆಯ ತ್ರೈರಾಶಿಯಿಂದಲೇ ತಿಳಿಯುತ್ತದೆ. ದೃಶ್ಯಕ್ಕಿರುವ ದೂರವನ್ನು ಕ್ಯಾಮೆರಾದೊಳಗಿನ ಸಂವೇದಕದ ಅಗಲದಿಂದ ಗುಣಿಸಿ, ದೃಶ್ಯದ ಅಗಲದಿಂದ ಭಾಗಿಸಿದರೆ ಬರುವುದೇ ಬೇಕಾದ ಸಂಗಮದೂರ. ಶಾಲೆಗಳಲ್ಲಿ ಸಾಮಾನ್ಯವಾಗಿರುವ ಕ್ಯಾಮೆರಾಗಳ ಸಂವೇದಕದ ಅಗಲ ಸುಮಾರು ೨೪ ಮಿ.ಮೀ.

ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಂತಹ ರಂಗಮಂದಿರದಲ್ಲಿ ಶಾಲಾಮಕ್ಕಳ ನಾಟಕ ನಡೆಯುತ್ತಿದೆಯೆಂದು ಭಾವಿಸಬಹುದು. ರಂಗಕ್ಕೂ ಕ್ಯಾಮೆರಾಕ್ಕೂ ೧೨ ಮೀಟರ್ ಅಂತರ, ರಂಗದ ಅಗಲ ೯ ಮೀಟರ್ ಎಂದಿಟ್ಟುಕೊಂಡರೆ, ಇಡೀ ರಂಗಕ್ಕೆ ೩೨ ಮಿ.ಮೀ. ಸಾಕು. ಅದೇ ಸ್ಥಳದಿಂದ ಕ್ಯಾಮೆರಾವನ್ನು ನೀಳವಾಗಿ ಹಿಡಿದು ಒಬ್ಬನೇ ಪಾತ್ರಧಾರಿಯನ್ನು ೨.೪ ಮೀಟರ್ ಎತ್ತರದ ಚೌಕಟ್ಟಿನಲ್ಲಿ ತರಬೇಕಾದರೆ ೧೨೦ ಮಿ.ಮೀ. ಬೇಕು. ಇನ್ನು ಗುಂಪುಚಿತ್ರ. ಅರವತ್ತು ಮಂದಿ ಮೂರು ಸಾಲಾಗಿ ನಿಂತರೆ ಸಾಲಿಗೆ ಇಪ್ಪತ್ತು ಮಂದಿ. ಒಬ್ಬೊಬ್ಬರಿಗೆ ಅರ್ಧ ಮೀಟರಿನಂತೆ ೧೦ ಮೀಟರ್. ಎರಡು ಬದಿಯ ಅಂಚು ಸೇರಿ ೧೧. ಮೂವತ್ತೈದು ಮಿ.ಮೀ.ನಲ್ಲಿ ಇದಕ್ಕೆ ೧೬ ಮೀಟರ್ ಹಿಂದಕ್ಕೆ ಸರಿಯಬೇಕು. ಹದಿನೆಂಟರಲ್ಲಿ ಎಂಟೂಕಾಲು ಮೀಟರ್ ಸಾಲುತ್ತದೆ. ಆದರೆ ಅಂಚಿನಲ್ಲಿರುವ ಮಕ್ಕಳ ಮುಖ ಅಡ್ಡಲಾಗಿ ಹಿಗ್ಗಿ ಕಾಣುತ್ತದೆ. ಅಂಗಳವಿರುವ ಶಾಲೆ ಹಿಂದಕ್ಕೆ ಸರಿಯುವುದೇ ಲೇಸು.

ಲಕ್ಷಣದೋಷಗಳ ದೃಷ್ಟಾಂತ

ತರ್ಕಶಾಸ್ತ್ರದಲ್ಲಿ ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ಹೇಳಿದ್ದಾರೆ. ಹಸುವೆಂದರೆ ಕಪಿಲವರ್ಣದ್ದು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಇದು ಅವ್ಯಾಪ್ತಿ. ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ; ಇದು ಅತಿವ್ಯಾಪ್ತಿ. ಒಂಟಿಗೊರಸಿನದು ಎಂದರೆ ಯಾವ ಹಸುವಿಗೂ ಹೊಂದುವುದಿಲ್ಲ, ಇದು ಅಸಂಭವ. ಮಸೂರ ಸಂಗ್ರಹಕ್ಕೂ ಈ ವಿಭಾಗ ಉಪಯುಕ್ತವಾದ ದೃಷ್ಟಾಂತವಾಗುತ್ತದೆ.

ಸಂಗ್ರಹದಲ್ಲಿ ೧೮ರಿಂದ ೫೫ ಒಂದು, ೭೦ರಿಂದ ೩೦೦ ಇನ್ನೊಂದು ಇದ್ದರೆ ನಡುವೆ ೧೫ ಮಿ.ಮೀ.ಗಳ ಅವ್ಯಾಪ್ತಿಯುಂಟು. ಕೊಳ್ಳುವವರನ್ನು ಹೆಚ್ಚಾಗಿ ಕಾಡುವುದು ಈ ತೆರಪಿನ ಭಯವೇ. ಆದರೆ ೭೦ ಮಿ.ಮೀ.ನಲ್ಲಿ ಹತ್ತು ಮೀಟರ್ ದೂರದಿಂದ ದೊರೆಯುವ ಆಕೃತಿಯ ಗಾತ್ರ, ೫೫ರಲ್ಲಿ ಸುಮಾರು ೭.೯ ಮೀಟರ್ ದೂರದಿಂದ ದೊರೆಯುತ್ತದೆ. ಎರಡು ಮೀಟರ್ ಮುಂದೆ ನಡೆದರೆ ತುಂಬುವ ತೆರಪಿಗೆ ಸಾವಿರಾರು ರೂಪಾಯಿ ಸುರಿಯುವುದು ಅನಾವಶ್ಯಕ. ಮುಂದೆ ಹೆಜ್ಜೆಯಿಡಲಾಗದ ಕಡೆ ಮಾತ್ರ ಅವ್ಯಾಪ್ತಿ ನಿಜವಾದ ದೋಷ. ಕುಣಿಗಲ್ ಕೆರೆಯ ನಡುನೀರಿನ ಹಕ್ಕಿಯತ್ತ ನಡೆದು ಹೋಗುವಂತಿಲ್ಲ. ಅಲ್ಲಿ ೩೦೦ ಮಿ.ಮೀ. ಕೂಡ ಅಲ್ಪವೇ.

ಅಸಂಭವ ಇನ್ನೂ ಕಠಿನ. ಒಂದು ಸಂಸ್ಥೆಯ ಕ್ಯಾಮೆರಾದ ಜೋಡಣೆಯ ಬಾಯಿಗೆ ಮತ್ತೊಂದು ಸಂಸ್ಥೆಯ ಮಸೂರ ಕೂಡುವುದಿಲ್ಲ. ೨೦೧೮ರಲ್ಲಿ ನಿಕಾನ್, ಕ್ಯಾನನ್ ಸಂಸ್ಥೆಗಳೆರಡೂ ಕನ್ನಡಿಯಿಲ್ಲದ ತಮ್ಮ ಹೊಸ ಕ್ಯಾಮೆರಾಗಳಿಗೆ ಹೊಸ ಜೋಡಣೆಗಳನ್ನು ತಂದವು. ಹಳೆಯ ಮಸೂರಗಳನ್ನು ಅವುಗಳಿಗೆ ಹಾಕಲು ಅಡಾಪ್ಟರ್ ಎಂಬ ನಡುಬಳೆ ಬೇಕು. ಹೊಸ ಮಸೂರವಂತೂ ಹಳೆಯ ಕ್ಯಾಮೆರಾಕ್ಕೆ ಹೊಂದುವುದೇ ಇಲ್ಲ. ವಿಚಾರಿಸದೆ ಕೊಟ್ಟ ಉತ್ತಮ ಮಸೂರವೂ ಈ ಕಾರಣದಿಂದ ನಿಷ್ಪ್ರಯೋಜಕವಾಗಬಲ್ಲದು.

ಪುನರುಕ್ತಿ ದೋಷವಾಗದ ಸಂದರ್ಭ

ಇನ್ನುಳಿದುದು ಅತಿವ್ಯಾಪ್ತಿ, ಎಂದರೆ ಒಂದು ವ್ಯಾಪ್ತಿಯ ಮೇಲೆ ಇನ್ನೊಂದು ಬೀಳುವುದು. ಕಾವ್ಯಮೀಮಾಂಸಕರು ಪುನರುಕ್ತಿಯನ್ನು ದೋಷವೆಂದರೂ ಪ್ರಯೋಜನವಿದ್ದ ಕಡೆ ಅದನ್ನು ದೋಷವೆನ್ನಲಿಲ್ಲ. ಕಣ್ಣು, ನೇತ್ರ, ನಯನ, ಅಕ್ಷಿ ಎಂಬುವು ನಿಘಂಟಿನಲ್ಲಿ ಪರ್ಯಾಯಪದಗಳು. ಆದರೂ ಕಣ್ಣುನೋವೆನ್ನುವ ಕಡೆ ನಯನನೋವೆನ್ನುವವರಿಲ್ಲ; ನೇತ್ರದಾನವೆನ್ನುವ ಕಡೆ ಅಕ್ಷಿದಾನವೆನ್ನುವುದು ರೂಢಿಯಲ್ಲಿಲ್ಲ. ಅರ್ಥ ಒಂದಾದರೂ ಕೆಲಸ ಬೇರೆ. ಮಸೂರಗಳಲ್ಲಿಯೂ ಸಂಖ್ಯೆ ಒಂದಾಗಿದ್ದು ಕೆಲಸ ಬೇರೆಯಾಗಿರುವುದುಂಟು.

ಮೊದಲನೆಯದು ಬೆಳಕಿನ ವಿಷಯ. ೫೦ ಮಿ.ಮೀ. ಎಂಬುದು ೧೮ರಿಂದ ೫೫ರ ವ್ಯಾಪ್ತಿಯೊಳಗೇ ಇದೆ. ಆದರೆ ಆ ಜೂಮ್ ಮಸೂರದ ಅಪರ್ಚರ್ ಎಂಬ ಬೆಳಕಿನ ಕಿಂಡಿ ಆ ತುದಿಯಲ್ಲಿ ಸಾಮಾನ್ಯವಾಗಿ ಎಫ್ ೫.೬ರಷ್ಟೇ ತೆರೆಯುತ್ತದೆ, ಏಕದೂರದ ೫೦ ಮಿ.ಮೀ. ಮಸೂರ ಎಫ್ ೧.೮ರವರೆಗೆ ತೆರೆಯುತ್ತದೆ. ಒಳಬರುವ ಬೆಳಕು ಈ ಸಂಖ್ಯೆಗಳ ಅನುಪಾತದ ವರ್ಗಕ್ಕೆ ಅನುಗುಣವಾದುದರಿಂದ ಎರಡನೆಯದು ಒಂಬತ್ತು ಪಟ್ಟಿಗೂ ಅಧಿಕ ಬೆಳಕನ್ನು ಕೊಡುತ್ತದೆ. ಸಂಜೆಯ ಪ್ರಾರ್ಥನೆಯ ಮಂದಬೆಳಕಿನಲ್ಲಿ ಮೊದಲನೆಯದಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕಾದರೆ, ಎರಡನೆಯದಕ್ಕೆ ನೂರನೆಯ ಒಂದು ಭಾಗದ ಹತ್ತಿರ ಸಾಕು. ಮಗುವಿನ ಮುಖ ಮಸುಕಾಗುವುದೂ ಸ್ಪಷ್ಟವಾಗುವುದೂ ಈ ವ್ಯತ್ಯಾಸದಿಂದಲೇ.

ಎರಡನೆಯದು ಸಾಮೀಪ್ಯ. ಗುಬ್ಬಿಯ ಮಲ್ಲಣಾರ್ಯನು ೧೫೧೩ರಲ್ಲಿ ಭಾವಚಿಂತಾರತ್ನವನ್ನು ರಚಿಸಿದ ನಾಡಿದು. ಎಡೆಯೂರು, ಕಗ್ಗೆರೆಗಳು ತೋಂಟದ ಸಿದ್ಧಲಿಂಗಯತಿಗಳ ತಪೋಭೂಮಿ. ಅಂದಿನ ವಾಙ್ಮಯ ಉಳಿದು ಬಂದುದು ಓಲೆಗರಿಯ ಮೇಲೆ. ಓಲೆಯ ಮೇಲೆ ಕಂಠದಿಂದ ಕೊರೆದ ಸಣ್ಣ ಅಕ್ಷರಗಳನ್ನು ಅಂಚಿನಿಂದ ಅಂಚಿಗೆ ಸಮನಾಗಿ ತೆಗೆಯಲು ಮ್ಯಾಕ್ರೊ ಎಂಬ ಸಮೀಪಮಸೂರ ಬೇಕು. ಅದರ ೬೦ ಅಥವಾ ೧೦೫ ಮಿ.ಮೀ. ಸಂಗಮದೂರ ಯಾವುದಾದರೊಂದು ಜೂಮಿನಲ್ಲಿಯೂ ಇರಬಹುದು. ಆದರೆ ಅಕ್ಷರವನ್ನು ಅದರ ನೈಜಗಾತ್ರದಲ್ಲಿಯೇ ಸಂವೇದಕದ ಮೇಲೆ ಮೂಡಿಸುವ ಶಕ್ತಿ ಸಾಧಾರಣ ಜೂಮಿಗಿಲ್ಲ.

ಮೂರನೆಯದು ಸ್ಥಳದ ಸ್ವಭಾವ. ಶಿವರಾತ್ರಿಯ ಕಾಲದಲ್ಲಿ ಸಿದ್ಧಗಂಗೆಯಲ್ಲಿ ನಡೆಯುವ ದನಗಳ ಜಾತ್ರೆಯ ಧೂಳಿನಲ್ಲಿ ಮಸೂರವನ್ನು ಬಿಚ್ಚಿ ಬದಲಿಸಿದರೆ ಸಂವೇದಕದ ಮೇಲೆ ಧೂಳು ಕೂರುವುದು ನಿಶ್ಚಯ. ಅಲ್ಲಿ ೧೮ರಿಂದ ೧೪೦ರವರೆಗಿನ ಒಂದೇ ಮಸೂರದಿಂದ ದಿನ ಕಳೆಯುವುದು ಜಾಣತನ. ರಥೋತ್ಸವದಲ್ಲಿ ಇಬ್ಬರು ಎರಡು ಕ್ಯಾಮೆರಾ ಹಿಡಿದು ಎರಡು ದಿಕ್ಕಿನಲ್ಲಿ ನಿಂತರೆ ಒಂದೇ ವ್ಯಾಪ್ತಿಯ ಎರಡು ಮಸೂರಗಳೂ ಸಾರ್ಥಕವೇ. ಒಂದು ಕೆಟ್ಟಾಗ ಇನ್ನೊಂದು ಒದಗುವುದೂ ಸಣ್ಣ ಲಾಭವಲ್ಲ.

ದೋಷವಾಗುವ ಸಂದರ್ಭ

ಒಂದೇ ಕಿಂಡಿ, ಒಂದೇ ಕೆಲಸ, ಒಂದೇ ಕ್ಯಾಮೆರಾ ಇದ್ದು ವ್ಯಾಪ್ತಿ ಮಾತ್ರ ತುಸು ಹೆಚ್ಚುಕಡಿಮೆಯಾದರೆ ಅದು ಶುದ್ಧ ಪುನರುಕ್ತಿ. ೫೫ರಿಂದ ೨೦೦ರ ಪಕ್ಕದಲ್ಲಿ ೫೫ರಿಂದ ೨೫೦ನ್ನು ಇಡುವುದು ಇಂತಹುದು. ಹೀಗೆ ಮಿಕ್ಕಿದ ಮಸೂರ ಕಪಾಟಿನಲ್ಲಿ ಸುಮ್ಮನೆ ಕುಳಿತಿರುವುದೂ ಇಲ್ಲ. ಮಳೆಗಾಲದ ತೇವದಲ್ಲಿ ಕತ್ತಲೆಯ ಪೆಟ್ಟಿಗೆಯೊಳಗೆ ಅದರ ಗಾಜಿಗೆ ಬೂಸು ಹಿಡಿಯುತ್ತದೆ. ಬೂಸು ಬೇರೂರಿದರೆ ಗಾಜಿನ ಲೇಪವೇ ಹಾಳಾಗುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಆಗಾಗ ಹೊರತೆಗೆದು ಬಳಸುವುದೇ ರಕ್ಷೆ.

ಶರಣಧರ್ಮದಲ್ಲಿ ಈ ವಿಚಾರಕ್ಕೆ ಸ್ಪಷ್ಟವಾದ ಆದರ್ಶವಿದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನು ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥೆ ಸರ್ವವಿದಿತ. ಅಕ್ಕಿ ಕೆಟ್ಟ ವಸ್ತುವೆಂದು ಆಕೆ ಹೇಳಲಿಲ್ಲ. ಅಂದಿನ ಕಾಯಕಕ್ಕೂ ದಾಸೋಹಕ್ಕೂ ಬೇಕಾದುದನ್ನು ಮೀರಿದೆಯೆಂದಷ್ಟೇ ಹೇಳಿದಳು. ಸಲಕರಣೆಯನ್ನು ಅಳೆಯಬೇಕಾದುದೂ ಅದು ಮಾಡುವ ಕಾಯಕದಿಂದ.

ದಾನಿಗಳಿಗೂ ಶಿಕ್ಷಕರಿಗೂ

ಶಾಲೆಯು ತನ್ನಲ್ಲಿರುವ ಮಸೂರಗಳ ಒಂದು ಪಟ್ಟಿಯನ್ನು ಮಾಡಿ, ಸಂಗಮದೂರ, ಬೆಳಕಿನ ಕಿಂಡಿಯ ಸಂಖ್ಯೆ, ಜೋಡಣೆಯ ಹೆಸರು, ಕಳೆದ ವರ್ಷ ಬಳಸಿದ ಸಂದರ್ಭಗಳು ಇವಿಷ್ಟನ್ನೂ ಬರೆದಿಡುವುದು ಯುಕ್ತ. ತೆಗೆದ ಚಿತ್ರಗಳೊಳಗೆಯೇ ಸಂಗಮದೂರ ದಾಖಲಾಗಿರುವುದರಿಂದ, ಒಂದು ವರ್ಷದ ಚಿತ್ರಗಳನ್ನು ಗಣಕಯಂತ್ರದಲ್ಲಿ ಪರಿಶೀಲಿಸಿದರೆ ಯಾವುದು ದುಡಿಯಿತು, ಯಾವುದು ದುಡಿಯಲಿಲ್ಲ ಎಂಬುದು ವಿದ್ಯಾರ್ಥಿಗಳಿಗೇ ತಿಳಿಯುತ್ತದೆ. ಅದು ಗಣಿತದ ಒಳ್ಳೆಯ ಅಭ್ಯಾಸವೂ ಆಗುತ್ತದೆ.

ದಾನಿಗಳು ಈ ಪಟ್ಟಿಯನ್ನು ಕೇಳಿ ನೋಡಿದ ಮೇಲೆ ಕೊಡುವುದು ಶ್ರೇಯಸ್ಕರ. ಕ್ಯಾಮೆರಾಕ್ಕೆ ಕೂಡುವುದೇ, ಇರುವ ಮಸೂರ ಮಾಡಲಾಗದ ಕೆಲಸವನ್ನು ಮಾಡುವುದೇ, ನಡೆದು ತುಂಬಬಹುದಾದ ತೆರಪಿಗಾಗಿ ಕೊಳ್ಳುತ್ತಿಲ್ಲವಷ್ಟೇ, ಬಳಸುವ ಕೈಗಳಿವೆಯೇ ಎಂಬ ನಾಲ್ಕು ಪ್ರಶ್ನೆಗಳು ಸಾಕು. ೧೮ರಿಂದ ೫೫ ಈಗಾಗಲೇ ಇರುವ ಶಾಲೆಗೆ ಅದೇ ವ್ಯಾಪ್ತಿಯ ಮತ್ತೊಂದಕ್ಕಿಂತ ಎಫ್ ೧.೮ರ ಒಂದು ೫೦ ಮಿ.ಮೀ. ಮಸೂರ ಹೆಚ್ಚಿನ ಉಪಕಾರವನ್ನು ಮಾಡುತ್ತದೆ. ಅದರ ಬೆಲೆಯೂ ಮಸೂರಗಳಲ್ಲಿ ಮಿತವಾದುದೇ.

ಈಗಾಗಲೇ ಮಿಕ್ಕಿರುವುದನ್ನು, ದಾನಿಗಳ ಒಪ್ಪಿಗೆ ಪಡೆದು, ಕ್ಯಾಮೆರಾ ಮಾತ್ರವಿದ್ದು ತಕ್ಕ ಮಸೂರವಿಲ್ಲದ ಬೇರೊಂದು ಶಾಲೆಗೆ ಒಪ್ಪಿಸುವುದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ತುಮಕೂರಿನ ಕಪಾಟಿನಲ್ಲಿ ಬೂಸು ಹಿಡಿಯಲಿದ್ದ ಮಸೂರ ಗುಬ್ಬಿ ಅಥವಾ ಕುಣಿಗಲ್ ಸೀಮೆಯ ಹಳ್ಳಿಶಾಲೆಯೊಂದರ ಅಂಗಳಕ್ಕೆ ಹೋದರೆ, ಅಲ್ಲಿಯೂ ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ನಿಂತಿರುತ್ತಾನೆ. ಅವನ ಮುಖ ಅವನ ಮಕ್ಕಳು ಗುರುತಿಸುವಷ್ಟು ಸ್ಪಷ್ಟವಾಗಿ ಉಳಿಯುತ್ತದೆ.