ಕಂಪೆನಿಯ ಲೆಕ್ಕ, ತಂಡದ ಆಟ

ಆಟವೆಂದರೆ ಮೈದಾನದಲ್ಲಿ ನಡೆಯುವುದು ಮಾತ್ರವೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಚೆನ್ನಾಗಿ ಆಡಿದವರು ಗೆದ್ದರು, ಆಡದವರು ಸೋತರು. ಅಲ್ಲಿಗೆ ಕಥೆ ಮುಗಿಯಿತು. ಆದರೆ ವೃತ್ತಿಪರ ಕ್ರೀಡೆಯಲ್ಲಿ ಇನ್ನೊಂದು ಆಟವು ಕಚೇರಿಯ ಲೆಕ್ಕದ ಪುಸ್ತಕದಲ್ಲಿ ನಡೆಯುತ್ತಿರುತ್ತದೆ. ಒಳ್ಳೆಯ ಆಟಗಾರನೊಬ್ಬ ತಂಡದಲ್ಲಿ ಉಳಿಯುವನೇ, ಹೊರಡುವನೇ ಎಂಬುದು ಎಷ್ಟೋ ವೇಳೆ ಅವನ ಆಟಕ್ಕಿಂತ ಹೆಚ್ಚಾಗಿ ತಂಡದ ಒಡೆಯನ ಸಾಲ ಮತ್ತು ಆದಾಯಗಳಿಂದ ತೀರ್ಮಾನವಾಗುತ್ತದೆ.

ಈ ವಿಷಯವನ್ನು ಅಮೆರಿಕದ ಬೇಸ್‌ಬಾಲ್ ತಂಡವೊಂದರ ಚರಿತ್ರೆಯ ಮೂಲಕ ಅಭ್ಯಾಸ ಮಾಡೋಣ. ತಂಡದ ಹೆಸರು ಅಟ್ಲಾಂಟಾ ಬ್ರೇವ್ಸ್. ಮೊದಲು ಬಾಸ್ಟನ್ ನಗರದಲ್ಲಿದ್ದ ಈ ತಂಡ 1953ರಲ್ಲಿ ಮಿಲ್ವಾಕಿಗೂ 1966ರಲ್ಲಿ ಜಾರ್ಜಿಯಾ ರಾಜ್ಯದ ಅಟ್ಲಾಂಟಾಕ್ಕೂ ಬಂದಿತು. 1976ರಿಂದೀಚೆಗೆ ಇದು ನಾಲ್ಕು ಬಗೆಯ ಒಡೆತನವನ್ನು ಕಂಡಿದೆ. ತಂಡ ಒಂದೇ, ಊರು ಒಂದೇ. ಒಡೆಯರು ಮಾತ್ರ ಬೇರೆ ಬೇರೆ. ಆದ್ದರಿಂದ ಒಡೆತನದ ಪರಿಣಾಮವನ್ನು ತೂಗಿನೋಡಲು ಇದು ಅನುಕೂಲವಾದ ಉದಾಹರಣೆ.

1. ಕೆಲವು ಮೂಲ ಸಂಗತಿಗಳು

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ 30 ತಂಡಗಳಿವೆ. ಪ್ರತಿ ತಂಡವೂ ಒಂದು ಋತುವಿನಲ್ಲಿ 162 ಪಂದ್ಯಗಳನ್ನು ಆಡುತ್ತದೆ. ಮೈದಾನದಲ್ಲಿ ಒಮ್ಮೆಗೆ 9 ಜನ ಆಡಿದರೂ ಪಂದ್ಯಕ್ಕೆ ಸಿದ್ಧರಾಗಿರುವವರ ಪಟ್ಟಿಯಲ್ಲಿ 26 ಜನರಿರುತ್ತಾರೆ. 2019ರವರೆಗೆ ಈ ಸಂಖ್ಯೆ 25 ಆಗಿತ್ತು. ಇದಕ್ಕೆ ಆಟಗಾರರ ಪಟ್ಟಿ ಎನ್ನೋಣ. ಇವರೆಲ್ಲರಿಗೆ ವರ್ಷಕ್ಕೆ ಕೊಡುವ ಸಂಬಳದ ಮೊತ್ತಕ್ಕೆ ವೇತನ ಪಟ್ಟಿ ಎನ್ನೋಣ.

ಒಂದು ಕಾಲದಲ್ಲಿ ಆಟಗಾರನು ಒಮ್ಮೆ ಒಂದು ತಂಡಕ್ಕೆ ಸೇರಿದರೆ ಆ ತಂಡ ಬಿಡುವವರೆಗೆ ಅವನಿಗೆ ಬಿಡುಗಡೆ ಇರಲಿಲ್ಲ. 1975ರ ಡಿಸೆಂಬರಿನಲ್ಲಿ ಪೀಟರ್ ಸೈಟ್ಸ್ ಎಂಬ ಮಧ್ಯಸ್ಥಗಾರರು ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮ್ಯಾಕ್‌ನ್ಯಾಲಿ ಎಂಬ ಇಬ್ಬರು ಆಟಗಾರರ ಪರವಾಗಿ ತೀರ್ಪು ಕೊಟ್ಟರು. ಅಂದಿನಿಂದ ಸ್ಥಿತಿ ಬದಲಾಯಿತು. ಈಗ ಆರು ವರ್ಷಗಳ ಸೇವೆ ಮುಗಿಸಿದ ಆಟಗಾರ ಸ್ವತಂತ್ರನು. ಹೆಚ್ಚು ಕೊಡುವ ತಂಡಕ್ಕೆ ಹೋಗಬಹುದು. ಮೊದಲ ಸುಮಾರು ಮೂರು ವರ್ಷ ಅವನಿಗೆ ದೊರೆಯುವುದು ಕನಿಷ್ಠ ವೇತನದ ಆಸುಪಾಸಿನ ಹಣ. 2025ರಲ್ಲಿ ಈ ಕನಿಷ್ಠ ವೇತನ 7,60,000 ಡಾಲರ್ ಆಗಿತ್ತು. ನಮಗೆ ಇದು ದೊಡ್ಡ ಮೊತ್ತವೆನಿಸಿದರೂ ಪ್ರಸಿದ್ಧ ಆಟಗಾರರ ಎರಡು ಮೂರು ಕೋಟಿ ಡಾಲರುಗಳ ಮುಂದೆ ಅಲ್ಪ. ಎಳೆಯ ಆಟಗಾರ ಅಗ್ಗ, ಅನುಭವಿ ಆಟಗಾರ ದುಬಾರಿ. ಈ ಸೂತ್ರವನ್ನು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ನಮ್ಮ ಐಪಿಎಲ್ ಕ್ರಿಕೆಟಿನಲ್ಲಿ 2025ರ ಋತುವಿಗಾಗಿ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿಗಳ ಸಮಾನ ಮಿತಿ ಇತ್ತು; ಒಡೆಯ ಎಷ್ಟೇ ಶ್ರೀಮಂತನಾದರೂ ಅದನ್ನು ದಾಟುವಂತಿರಲಿಲ್ಲ. ಬೇಸ್‌ಬಾಲಿನಲ್ಲಿ 2022ರಿಂದ 2026ರವರೆಗಿನ ಒಪ್ಪಂದದ ಪ್ರಕಾರ ಅಂಥ ಗಟ್ಟಿ ಗೋಡೆ ಇಲ್ಲ. ಒಂದು ಗೆರೆ ಮಾತ್ರ ಇದೆ. 2025ರಲ್ಲಿ ಅದು 24.1 ಕೋಟಿ ಡಾಲರ್. ಅದನ್ನು ದಾಟಿದವರು ದಂಡರೂಪದ ತೆರಿಗೆ ಕೊಡಬೇಕು. ಕೊಡಲು ಶಕ್ತಿಯಿದ್ದವರು ದಾಟಬಹುದು. ಆದ್ದರಿಂದ ಅಲ್ಲಿ ಒಡೆಯನ ಕಿಸೆಯ ಆಳವು ಆಟದ ಮೇಲೆ ನೇರವಾದ ಪರಿಣಾಮ ಬೀರುತ್ತದೆ.

2. ದೂರದರ್ಶನಕ್ಕಾಗಿ ಕೊಂಡ ತಂಡ

1976ರಲ್ಲಿ ಟೆಡ್ ಟರ್ನರ್ ಎಂಬ ಉದ್ಯಮಿ ಬ್ರೇವ್ಸ್ ತಂಡವನ್ನು ಸುಮಾರು ಒಂದು ಕೋಟಿ ಡಾಲರಿಗೆ, ಕಂತುಗಳಲ್ಲಿ ಹಣ ಕೊಡುವ ಕರಾರಿನ ಮೇಲೆ ಕೊಂಡರು. ಅವರ ಬಳಿ ಅಟ್ಲಾಂಟಾದಲ್ಲಿ 17ನೆಯ ಸಂಖ್ಯೆಯ ಸಣ್ಣದೊಂದು ಟೆಲಿವಿಷನ್ ಚಾನೆಲ್ ಇತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಆ ಚಾನೆಲನ್ನು ಉಪಗ್ರಹದ ಮೂಲಕ ದೇಶದ ಇತರ ಊರುಗಳ ಕೇಬಲ್ ಮನೆಗಳಿಗೂ ಮುಟ್ಟಿಸಿದರು. ಚಾನೆಲಿಗೆ ದಿನವೂ ತೋರಿಸಲು ಏನಾದರೂ ಬೇಕು. ಋತುವಿಗೆ 162 ಪಂದ್ಯಗಳನ್ನಾಡುವ ತಂಡ ಕೈಯಲ್ಲಿದ್ದರೆ ಬೇಸಿಗೆಯ ಸಂಜೆಗಳೆಲ್ಲ ತುಂಬಿದಂತೆಯೇ. ತಂಡದ ಖಾತೆಯಲ್ಲಿ ನಷ್ಟ ಕಂಡರೂ ಚಾನೆಲಿನ ಖಾತೆಯಲ್ಲಿ ಜಾಹೀರಾತಿನ ಹಣ ಬರುತ್ತಿತ್ತು.

ಈ ಸಂಬಂಧವನ್ನು ತೋರಿಸುವ ಒಂದು ಸ್ವಾರಸ್ಯಕರ ಪ್ರಸಂಗವಿದೆ. ಮೇಲೆ ಹೇಳಿದ ತೀರ್ಪಿನಿಂದ ಸ್ವತಂತ್ರನಾದ ಮೆಸರ್‌ಸ್ಮಿತ್‌ನನ್ನು ಟರ್ನರ್ 1976ರಲ್ಲಿ ತಮ್ಮ ತಂಡಕ್ಕೆ ಸೇರಿಸಿಕೊಂಡರು. ಅವನಿಗೆ ಕೊಟ್ಟ ಅಂಗಿಯ ಸಂಖ್ಯೆ 17. ಬೆನ್ನ ಮೇಲೆ ಆಟಗಾರನ ಹೆಸರಿರಬೇಕಾದ ಕಡೆ ‘ಚಾನೆಲ್’ ಎಂದು ಬರೆಸಿದರು! ಚೆಂಡೆಸೆಯಲು ನಿಂತವನ ಬೆನ್ನೇ ಜಾಹೀರಾತಿನ ಹಲಗೆಯಾಯಿತು. ಲೀಗಿನವರು ಆಕ್ಷೇಪಿಸಿ ಅದನ್ನು ನಿಲ್ಲಿಸಿದರು.

ಮೊದಲ ನಾಲ್ಕು ವರ್ಷ ತಂಡ ತನ್ನ ವಿಭಾಗದಲ್ಲಿ ಕೊನೆಯ ಸ್ಥಾನದಲ್ಲಿಯೇ ಉಳಿಯಿತು. ಹಣವಿದ್ದರೆ ಸಾಲದು, ಅದನ್ನು ವಿನಿಯೋಗಿಸುವ ವಿವೇಕವೂ ಬೇಕು ಎಂಬುದಕ್ಕೆ ಇದು ನಿದರ್ಶನ. 1990ರಲ್ಲಿ ಜಾನ್ ಶೂರ್ಹೋಲ್ಟ್ಸ್ ತಂಡದ ವ್ಯವಸ್ಥಾಪಕರಾಗಿ ಬಂದರು. ಟಾಮ್ ಗ್ಲ್ಯಾವಿನ್, ಜಾನ್ ಸ್ಮೋಲ್ಟ್ಸ್ ಮೊದಲಾದ ಎಳೆಯ ಎಸೆತಗಾರರು ಮಾಗಿದರು. 1992ರ ಡಿಸೆಂಬರಿನಲ್ಲಿ ಗ್ರೆಗ್ ಮ್ಯಾಡಕ್ಸ್‌ನನ್ನು ಐದು ವರ್ಷಕ್ಕೆ 2.8 ಕೋಟಿ ಡಾಲರ್ ಕೊಟ್ಟು ಕರೆತಂದರು. 1995ರಲ್ಲಿ ತಂಡವು ಆ ಆಟದ ಪರಮೋಚ್ಚ ಪಂದ್ಯಮಾಲೆಯಾದ ವರ್ಲ್ಡ್ ಸೀರೀಸನ್ನು ಗೆದ್ದಿತು.

3. ಎತ್ತಿಗೆ ಜ್ವರ, ಎಮ್ಮೆಗೆ ಬರೆ

1996ರಲ್ಲಿ ಟರ್ನರ್ ಅವರ ಕಂಪೆನಿ ಟೈಮ್ ವಾರ್ನರ್ ಎಂಬ ಭಾರಿ ಸಂಸ್ಥೆಯಲ್ಲಿ ವಿಲೀನವಾಯಿತು. 2001ರಲ್ಲಿ ಆ ಸಂಸ್ಥೆ ಅಂತರಜಾಲದ ಕಂಪೆನಿಯಾದ ಎಒಎಲ್ ಜೊತೆ ಕೂಡಿತು. ಅಷ್ಟರಲ್ಲಿ ಅಂತರಜಾಲ ಕಂಪೆನಿಗಳ ಷೇರುಗಳ ಬೆಲೆ ಕುಸಿಯತೊಡಗಿತ್ತು. 2002ನೆಯ ವರ್ಷಕ್ಕೆ ಈ ಕೂಡು ಕಂಪೆನಿ ತೋರಿಸಿದ ನಷ್ಟ ಸುಮಾರು 9,900 ಕೋಟಿ ಡಾಲರ್! ಅಮೆರಿಕದ ವ್ಯಾಪಾರ ಚರಿತ್ರೆಯಲ್ಲಿ ಅಲ್ಲಿಯವರೆಗೆ ಯಾವ ಕಂಪೆನಿಯೂ ಒಂದು ವರ್ಷದಲ್ಲಿ ಇಷ್ಟು ನಷ್ಟ ತೋರಿಸಿರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಹಣವೆಲ್ಲ ಪೆಟ್ಟಿಗೆಯಿಂದ ಹೊರಗೆ ಹೋದುದಲ್ಲ. ನೂರು ಎಂದು ಪುಸ್ತಕದಲ್ಲಿ ಬರೆದ ಆಸ್ತಿಗೆ ಪೇಟೆಯಲ್ಲಿ ಮೂವತ್ತೂ ಬಾರದು ಎಂದು ತಿಳಿದಾಗ ಉಳಿದ ಎಪ್ಪತ್ತನ್ನು ನಷ್ಟವೆಂದು ಬರೆಯಬೇಕಾಗುತ್ತದೆ. ನಷ್ಟದ ಬಹುಪಾಲು ಅಂಥದು. ಆದರೆ ಕಂಪೆನಿಯ ಸಾಲ ಮಾತ್ರ ನಿಜವಾದುದು. ಅದನ್ನು ತಗ್ಗಿಸಲು ಎಲ್ಲ ಶಾಖೆಗಳ ಖರ್ಚಿಗೂ ಕತ್ತರಿ ಬಿದ್ದಿತು. ಅಟ್ಲಾಂಟಾದ ಬ್ಯಾಸ್ಕೆಟ್‌ಬಾಲ್ ತಂಡವನ್ನೂ ಐಸ್ ಹಾಕಿ ತಂಡವನ್ನೂ ಕಂಪೆನಿ 2004ರಲ್ಲಿ ಮಾರಿಬಿಟ್ಟಿತು. ಬ್ರೇವ್ಸ್ ತಂಡದ ವೇತನ ಪಟ್ಟಿ 2003ರ ಆರಂಭದಲ್ಲಿ ಸುಮಾರು 10.6 ಕೋಟಿ ಡಾಲರ್ ಇದ್ದುದು 2004ರಲ್ಲಿ ಸುಮಾರು 9 ಕೋಟಿಗೆ ಇಳಿಯಿತು. ಅದೇ 2004ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಪಟ್ಟಿ ಸುಮಾರು 18.4 ಕೋಟಿ ಡಾಲರಿನದಾಗಿತ್ತು.

ಸಂಖ್ಯೆಗಳ ಹಿಂದೆ ಮನುಷ್ಯರಿದ್ದಾರೆ. 1987ರಿಂದ ಅಟ್ಲಾಂಟಾದಲ್ಲಿಯೇ ಆಡಿದ್ದ ಗ್ಲ್ಯಾವಿನ್ 2002ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡಕ್ಕೆ ಹೋದನು. ಅದೇ ತಿಂಗಳು ಮ್ಯಾಡಕ್ಸ್ ಮಧ್ಯಸ್ಥಿಕೆಯ ವೇತನಕ್ಕೆ ಒಪ್ಪಿ ಇನ್ನೊಂದು ವರ್ಷ ಉಳಿದನು. ಆತ ಉಳಿದುದರಿಂದ ವೇತನ ಪಟ್ಟಿ ನಿರೀಕ್ಷೆಗಿಂತ ಹಿಗ್ಗಿತು. ಅದನ್ನು ಸರಿದೂಗಿಸಲು ಕೆವಿನ್ ಮಿಲ್‌ವುಡ್ ಎಂಬ ಸಮರ್ಥ ಎಸೆತಗಾರನನ್ನು ಎದುರಾಳಿ ಫಿಲಡೆಲ್ಫಿಯಾ ತಂಡಕ್ಕೆ ಬಿಟ್ಟುಕೊಟ್ಟು, ಅಷ್ಟೇನೂ ಹೆಸರಿಲ್ಲದ ಜಾನಿ ಎಸ್ಟ್ರಾಡ ಎಂಬಾತನನ್ನು ಪಡೆದರು. ಮರುವರ್ಷ ಮ್ಯಾಡಕ್ಸ್, ಗ್ಯಾರಿ ಶೆಫೀಲ್ಡ್, ಹಾವಿ ಲೋಪೆಜ್ ಮೂವರೂ ಹೊರಟುಹೋದರು. ಇವರಲ್ಲಿ ಯಾರೂ ಕೆಟ್ಟದಾಗಿ ಆಡಿರಲಿಲ್ಲ. ಅಂತರಜಾಲದ ವ್ಯಾಪಾರಕ್ಕೂ ಇವರಿಗೂ ಯಾವ ಸಂಬಂಧವೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಆದರೂ ತಂಡ ಕೂಡಲೇ ಕುಸಿಯಲಿಲ್ಲ. ಎಸ್ಟ್ರಾಡ 2004ರಲ್ಲಿ ತಾರಾ ಆಟಗಾರರ ಪಂದ್ಯಕ್ಕೆ ಆಯ್ಕೆಯಾದನು. 2005ರಲ್ಲಿ ಬ್ರಯನ್ ಮೆಕ್ಯಾನ್, ಜೆಫ್ ಫ್ರಾಂಕೋರ್ ಮೊದಲಾದ ಹೊಸ ಹುಡುಗರು ತಂಡವನ್ನು ಹೊತ್ತು ನಡೆದರು. 2003, 2004, 2005 ಮೂರೂ ವರ್ಷ ತಂಡ ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತು. ಆದರೆ ಮೂರೂ ವರ್ಷ ಮುಂದಿನ ಹಂತದ ಮೊದಲ ಸುತ್ತಿನಲ್ಲಿಯೇ ಸೋತಿತು. 2006ರಲ್ಲಿ 79 ಗೆಲುವು, 83 ಸೋಲು. 1991ರಿಂದ ನಡೆದುಬಂದ ಪರಂಪರೆ ಕಡಿದುಹೋಯಿತು. ಬೇರು ಒಣಗಿದ ಮರವೂ ಕೆಲವು ದಿನ ಹಸಿರಾಗಿಯೇ ಕಾಣುತ್ತದೆಯಲ್ಲವೆ?

4. ತೆರಿಗೆಗಾಗಿ ಕೈಬದಲಾದ ತಂಡ

2007ರಲ್ಲಿ ತಂಡ ಲಿಬರ್ಟಿ ಮೀಡಿಯಾ ಎಂಬ ಕಂಪೆನಿಗೆ ಸೇರಿತು. ಈ ವ್ಯವಹಾರ ವಿಚಿತ್ರವಾದುದು. ಲಿಬರ್ಟಿಯ ಬಳಿ ಟೈಮ್ ವಾರ್ನರಿನ ಕೋಟ್ಯಂತರ ಷೇರುಗಳಿದ್ದವು. ಅವುಗಳನ್ನು ಪೇಟೆಯಲ್ಲಿ ಮಾರಿದರೆ ಲಾಭದ ಮೇಲೆ ದೊಡ್ಡ ತೆರಿಗೆ ಕಟ್ಟಬೇಕು. ಷೇರುಗಳಿಗೆ ಬದಲಾಗಿ ನಡೆಯುತ್ತಿರುವ ಉದ್ಯಮವನ್ನು ಪಡೆದರೆ ತೆರಿಗೆ ಉಳಿಯುತ್ತದೆ. ಹೀಗೆ ಲಿಬರ್ಟಿಯವರು ಷೇರುಗಳನ್ನು ಹಿಂದಿರುಗಿಸಿ ಬ್ರೇವ್ಸ್ ತಂಡವನ್ನೂ ಕಸೂತಿ ಮುಂತಾದ ಕರಕುಶಲಗಳ ಪುಸ್ತಕ ಪ್ರಕಟಿಸುವ ಒಂದು ಸಂಸ್ಥೆಯನ್ನೂ ಸುಮಾರು 96 ಕೋಟಿ ಡಾಲರ್ ನಗದನ್ನೂ ಪಡೆದರು. ಲಕ್ಷಾಂತರ ಜನ ಪ್ರೀತಿಸುವ ತಂಡವೊಂದು ಇಲ್ಲಿ ತೆರಿಗೆಯ ಲೆಕ್ಕದ ಒಂದು ಸಾಲು ಮಾತ್ರ.

ಮುಂದೆ 2014ರ ಕೊನೆಯಿಂದ ತಂಡದವರು ದುಬಾರಿ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಬಿಟ್ಟುಕೊಡತೊಡಗಿದರು. ಜೇಸನ್ ಹೇವರ್ಡ್, ಜಸ್ಟಿನ್ ಅಪ್ಟನ್ ಹೋದರು. 2015ರ ಏಪ್ರಿಲಿನಲ್ಲಿ ಕ್ರೇಗ್ ಕಿಂಬ್ರೆಲ್ ಎಂಬ ಅತ್ಯುತ್ತಮ ಎಸೆತಗಾರನನ್ನು ಸ್ಯಾನ್ ಡಿಯೇಗೋ ತಂಡಕ್ಕೆ ಕೊಡುವಾಗ ಅವನೊಂದಿಗೆ ಮೆಲ್ವಿನ್ ಅಪ್ಟನ್‌ನನ್ನೂ ಕಳುಹಿಸಿದರು. ಈತನಿಗೆ ಐದು ವರ್ಷಕ್ಕೆ 7.5 ಕೋಟಿ ಡಾಲರ್ ಮಿಕ್ಕಿದ ಕರಾರಾಗಿತ್ತು. ಆಟ ಮಾತ್ರ ಅದಕ್ಕೆ ತಕ್ಕಂತಿರಲಿಲ್ಲ. ಒಳ್ಳೆಯ ಮಾಲು ಬೇಕಾದವರು ಅದರ ಜೊತೆಗಿರುವ ಸಾಲವನ್ನೂ ಹೊರಬೇಕು ಎಂಬ ನ್ಯಾಯ. ಫಲವಾಗಿ ತಂಡ 2015ರಲ್ಲಿ 95 ಪಂದ್ಯಗಳನ್ನೂ 2016ರಲ್ಲಿ 93 ಪಂದ್ಯಗಳನ್ನೂ ಸೋತಿತು. ಆ ಎರಡು ವರ್ಷ ಟಿಕೆಟು ಕೊಂಡವರು ನೋಡಿದ್ದು ನಾಳೆಯ ತಂಡಕ್ಕಾಗಿ ಇಂದಿನ ಸೋಲನ್ನು.

5. ಮೈದಾನವೂ ಮಳಿಗೆಗಳೂ

2017ರಲ್ಲಿ ತಂಡ ಪಕ್ಕದ ಕಾಬ್ ಕೌಂಟಿಯ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಅದರ ನಿರ್ಮಾಣಕ್ಕೆ ಅಲ್ಲಿನ ಸ್ಥಳೀಯ ಆಡಳಿತದಿಂದ ಸುಮಾರು 30 ಕೋಟಿ ಡಾಲರ್ ಸಾರ್ವಜನಿಕ ಹಣ ಸಂದಿತು. ಕ್ರೀಡಾಂಗಣದ ಸುತ್ತ ಅಂಗಡಿ, ಉಪಾಹಾರ ಗೃಹ, ಕಚೇರಿ, ವಸತಿಗಳ ಒಂದು ಪೇಟೆಯನ್ನೇ ಕಂಪೆನಿ ಕಟ್ಟಿತು. ಪಂದ್ಯವಿಲ್ಲದ ದಿನವೂ ಬಾಡಿಗೆ ಬರುತ್ತದೆ. 2020ರಲ್ಲಿ ಕೊರೋನಾದಿಂದ ಆಸನಗಳು ಬರಿದಾದಾಗ ಒಟ್ಟು ಆದಾಯ ಸುಮಾರು 18 ಕೋಟಿ ಡಾಲರಿಗೆ ಕುಸಿದಿತ್ತು. 2023ರಲ್ಲಿ ಅದು ಸುಮಾರು 64 ಕೋಟಿಯಾಯಿತು. ಅದರಲ್ಲಿ ಸುಮಾರು 6 ಕೋಟಿ ಸುತ್ತಲಿನ ಪೇಟೆಯದು. 2023ರ ಜುಲೈಯಲ್ಲಿ ತಂಡವು ಲಿಬರ್ಟಿಯಿಂದ ಬೇರೆಯಾಗಿ ಷೇರು ಪೇಟೆಯ ಪ್ರತ್ಯೇಕ ಕಂಪೆನಿಯಾಯಿತು. ಆದುದರಿಂದಲೇ ಇದರ ಲೆಕ್ಕಗಳನ್ನು ಯಾರೂ ಓದಬಹುದು.

ಆದಾಯ ಸ್ಥಿರವಾದಂತೆ ಕರಾರುಗಳೂ ದೀರ್ಘವಾದವು. ರೊನಾಲ್ಡ್ ಅಕುನ್ಯಾನಿಗೆ 2019ರಲ್ಲಿ 8 ವರ್ಷಕ್ಕೆ 10 ಕೋಟಿ, ಆಸ್ಟಿನ್ ರೈಲಿಗೆ 2022ರಲ್ಲಿ 10 ವರ್ಷಕ್ಕೆ 21.2 ಕೋಟಿ ಡಾಲರ್ ಗೊತ್ತಾಯಿತು. ಆಟಗಾರನಿಗೆ ಭದ್ರತೆ, ತಂಡಕ್ಕೆ ಮುಂದಿನ ಖರ್ಚು ಮೊದಲೇ ತಿಳಿದಿರುವ ಅನುಕೂಲ. 2021ರಲ್ಲಿ ತಂಡ ಮತ್ತೆ ವರ್ಲ್ಡ್ ಸೀರೀಸ್ ಗೆದ್ದಿತು. ಆದರೂ ಮರುವರ್ಷವೇ ಊರಿನ ಕಣ್ಮಣಿಯಾಗಿದ್ದ ಫ್ರೆಡ್ಡಿ ಫ್ರೀಮನ್ ಲಾಸ್ ಏಂಜಲೀಸಿಗೆ ಹೋದನು. ಅವನ ಜಾಗಕ್ಕೆ ನಾಲ್ಕು ವರ್ಷ ಕಿರಿಯನಾದ ಮ್ಯಾಟ್ ಓಲ್ಸನ್‌ನನ್ನು ತಂದು 8 ವರ್ಷಕ್ಕೆ 16.8 ಕೋಟಿ ಡಾಲರಿನ ಕರಾರು ಮಾಡಿಕೊಂಡರು. ಲೆಕ್ಕ ಸರಿಯಾಗಿತ್ತು. ಆದರೆ ಫ್ರೀಮನ್ ಹೆಸರಿನ ಅಂಗಿ ತೊಟ್ಟು ಬೆಳೆದ ಮಗುವಿಗೆ ಆ ಲೆಕ್ಕವನ್ನು ಹೇಗೆ ತಿಳಿಸುವುದು?

6. ನಾವು ತಿಳಿಯಬೇಕಾದುದು

ಹಣವೇ ಎಲ್ಲವೂ ಅಲ್ಲ. 2003ರಲ್ಲಿ ಸುಮಾರು 5 ಕೋಟಿ ಡಾಲರ್ ವೇತನದ ಫ್ಲಾರಿಡಾ ತಂಡವು ಅದರ ಮೂರು ಪಟ್ಟು ವೇತನದ ಯಾಂಕೀಸ್ ತಂಡವನ್ನು ವರ್ಲ್ಡ್ ಸೀರೀಸಿನಲ್ಲಿ ಸೋಲಿಸಿತು. ಆದರೆ ಅಂಥ ಗೆಲುವು ಒಂದು ವರ್ಷ ಬರಬಹುದು. ವರ್ಷ ವರ್ಷವೂ ಮುಂದಿರಲು ಸ್ಥಿರವಾದ ಬೆಂಬಲ ಬೇಕು.

ಕಂಪೆನಿಯ ಒಡೆತನ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಟರ್ನರಿಗೆ ತಂಡ ಕಾರ್ಯಕ್ರಮವಾಗಿತ್ತು, ಟೈಮ್ ವಾರ್ನರಿಗೆ ಖರ್ಚಾಗಿತ್ತು, ಲಿಬರ್ಟಿಗೆ ಮೊದಲು ತೆರಿಗೆಯ ಉಪಾಯವಾಗಿ ಅನಂತರ ಆಸ್ತಿಯಾಯಿತು. ಒಡೆಯನಿಗೆ ತಂಡ ಯಾತಕ್ಕೆ ಬೇಕಾಗಿದೆಯೋ ಅದಕ್ಕೆ ತಕ್ಕಂತೆ ವೇತನ ಪಟ್ಟಿ, ವೇತನಕ್ಕೆ ತಕ್ಕಂತೆ ಆಟಗಾರರ ಪಟ್ಟಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಇಲ್ಲಿ ಹಾಸಿಗೆಯ ಉದ್ದವನ್ನು ಮಲಗುವವನು ನಿರ್ಧರಿಸುವುದಿಲ್ಲ ಎಂಬುದೇ ವಿಶೇಷ.

ವಿದ್ಯಾರ್ಥಿಗಳೇ, ನಿಮ್ಮ ಮೆಚ್ಚಿನ ಆಟಗಾರ ತಂಡ ಬಿಟ್ಟಾಗ ಅವನನ್ನು ದ್ರೋಹಿಯೆಂದು ಹಳಿಯುವ ಮೊದಲು ಲೆಕ್ಕದ ಪುಸ್ತಕವನ್ನೂ ಒಮ್ಮೆ ನೋಡಿರಿ. ಪೋಷಕರಲ್ಲಿ ನಮ್ಮದೊಂದು ವಿನಂತಿ: ಮಕ್ಕಳು ಆಟದ ಪುಟ ಓದುವಾಗ ಪಕ್ಕದ ವಾಣಿಜ್ಯ ಪುಟವನ್ನೂ ಅವರೊಂದಿಗೆ ಓದಿರಿ. ಎರಡೂ ಒಂದೇ ಸುದ್ದಿಯ ಎರಡು ಮುಖಗಳಾಗಿರುವ ದಿನಗಳು ಬಹಳ.

ಅಭ್ಯಾಸ

1. ವೇತನ ಪಟ್ಟಿ 10.6 ಕೋಟಿಯಿಂದ 9 ಕೋಟಿಗೆ ಇಳಿದರೆ ಶೇಕಡಾ ಎಷ್ಟು ಕಡಿಮೆಯಾಯಿತು?
2. ಅಕುನ್ಯಾ, ರೈಲಿ, ಓಲ್ಸನ್ ಈ ಮೂವರ ವಾರ್ಷಿಕ ಸರಾಸರಿ ವೇತನವನ್ನು ಕಂಡುಹಿಡಿದು ಹೋಲಿಸಿರಿ.
3. ಎಲ್ಲ ತಂಡಗಳಿಗೂ ಸಮಾನ ವೇತನ ಮಿತಿ ಇರುವುದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ? ಆಟಗಾರರು, ಒಡೆಯರು, ಪ್ರೇಕ್ಷಕರು ಈ ಮೂವರ ದೃಷ್ಟಿಯಿಂದ ಹತ್ತು ವಾಕ್ಯಗಳಲ್ಲಿ ಬರೆಯಿರಿ.