ಹಲಗೆಯ ದಪ್ಪವೂ ಸಂಧಿಯ ನಿಯಮವೂ

ನಮ್ಮ ಡಂಬಳದ ದೊಡ್ಡಬಸಪ್ಪನ ಗುಡಿಯು ಹನ್ನೆರಡನೆಯ ಶತಮಾನದ ಕಲ್ಯಾಣ ಚಾಳುಕ್ಯ ಶಿಲ್ಪಿಗಳ ಕೃತಿ. ಅದರ ವಿಮಾನವು 24 ಮೂಲೆಗಳ ನಕ್ಷತ್ರಾಕಾರದ್ದಾಗಿದ್ದು, ಆ ಆಕಾರವೇ ಶಿಖರದಲ್ಲಿಯೂ ಮುಂದುವರಿಯುತ್ತದೆ. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ 15 ಡಿಗ್ರಿಗಳಂತೆ ಐದು ಸಲ ತಿರುಗಿಸಿ ಬರೆದರೆ ಆರು ಚೌಕಗಳಿಂದ ಇಂಥ 24 ಮೂಲೆಗಳು ಏರ್ಪಡುವುವು.

ಈ ರಚನೆಯನ್ನು ಮಕ್ಕಳು ಕೈಯಾರೆ ಬಿಚ್ಚಿ ಜೋಡಿಸಿ ಅರಿಯಲೆಂದು ಶಾಲೆಯಲ್ಲಿ ಮರದ ಒಗಟೊಂದನ್ನು ಮಾಡಿಸಲು ಉದ್ಯುಕ್ತರಾದೆವು. ಲೇಸರ್ ಯಂತ್ರದಿಂದ ಕತ್ತರಿಸಲು ಸಿದ್ಧಪಡಿಸಿದ ನಕ್ಷೆ 3 ಮಿ.ಮೀ. ಪ್ಲೈವುಡ್ಡಿಗೆ ಹೊಂದುವಂಥದು, ದೊರೆತ ಹಲಗೆಯಾದರೋ 4 ಮಿ.ಮೀ. ದಪ್ಪದ್ದು. ನಕ್ಷೆಯನ್ನು ತಿದ್ದದೆ ಕತ್ತರಿಸಿದ್ದರಿಂದ ಒಂದು ತುಂಡಾದರೂ ಇನ್ನೊಂದರ ಕಚ್ಚಿನಲ್ಲಿ ಕೂಡಲಿಲ್ಲ. ದಾನಿಗಳ ಹಣದಿಂದ ತಂದ ಹಲಗೆ ವ್ಯರ್ಥವಾಯಿತು. ಅವಸರಪಡಿಸಿದವನು ನಾನೇ ಆದುದರಿಂದ, ಅಂದು ಕಲಿತ ಪಾಠವನ್ನು ಇಲ್ಲಿ ನಿವೇದಿಸುವುದು ನನ್ನ ಕರ್ತವ್ಯ.

ಇಡೀ ನಕ್ಷೆಯನ್ನೇ ಹಿಗ್ಗಿಸಿದರಾಯಿತೆಂದು ಮೊದಲು ತೋರುವುದು ಸಹಜ. ಆದರೆ 3 ಮಿ.ಮೀ. ಕಚ್ಚು 4 ಆಗುವಂತೆ ಎಲ್ಲವನ್ನೂ ಹಿಗ್ಗಿಸಿದರೆ 30 ಸೆಂ.ಮೀ. ಅಗಲದ ಪೀಠವು 40 ಸೆಂ.ಮೀ. ಆಗುವುದು, ಹಲಗೆಯು ನೂರಕ್ಕೆ ಸುಮಾರು 78ರಷ್ಟು ಅಧಿಕವಾಗಿ ಬೇಕಾಗುವುದು.

ಇಲ್ಲಿ ನಮ್ಮ ವ್ಯಾಕರಣವೇ ದಾರಿ ತೋರಿತು. ‘ಮಳೆ’ ಮತ್ತು ‘ಕಾಲ’ ಕೂಡಿ ‘ಮಳೆಗಾಲ’ವಾಗುವಾಗ ಸಂಧಿಸ್ಥಾನದ ಕಕಾರವೊಂದೇ ಗಕಾರವಾಗುತ್ತದೆ, ಉಳಿದ ಅಕ್ಷರಗಳು ಇದ್ದಂತೆಯೇ ಇರುತ್ತವೆ. ಹಲಗೆಯ ದಪ್ಪ ಬದಲಾದಾಗಲೂ ದಪ್ಪವನ್ನು ಆಶ್ರಯಿಸಿದ ಅಳತೆಗಳನ್ನು ಮಾತ್ರ ತಿದ್ದತಕ್ಕದ್ದು.

ಮೊದಲನೆಯದು ಕಚ್ಚಿನ ಅಗಲ. ಅಡ್ಡಲಾಗಿ ಸೇರುವ ಎರಡು ಹಲಗೆಗಳಲ್ಲಿ ಕಚ್ಚಿನ ನಡುಗೆರೆಯನ್ನು ಕದಲಿಸದೆ ಎರಡೂ ಬದಿಗೆ ಅರ್ಧರ್ಧ ಮಿ.ಮೀ. ಹೆಚ್ಚಿಸಬೇಕು. ಕಚ್ಚಿನ ಆಳವು ಹಲಗೆಯ ಎತ್ತರದ ಅರ್ಧವಾದುದರಿಂದ ಅದು ಬದಲಾಗದು.

ಎರಡನೆಯದು ಪೆಟ್ಟಿಗೆಯ ಮೂಲೆಯ ಹಲ್ಲು. ಇದರ ಉದ್ದವು ಹಲಗೆಯ ದಪ್ಪಕ್ಕೆ ಸಮನಾಗಿರಬೇಕು. ಹೊರ ಅಳತೆ 100 ಮಿ.ಮೀ. ಇರುವ ಪೆಟ್ಟಿಗೆಯ ಒಳಗಲವು 3 ಮಿ.ಮೀ. ಹಲಗೆಯಿಂದ 94 ಆದರೆ, 4 ಮಿ.ಮೀ. ಹಲಗೆಯಿಂದ 92 ಆಗುವುದು. ಒಗಟಿನ ತುಂಡುಗಳು ಒಳಗೆ ಹಿಡಿಯಬೇಕಾದಲ್ಲಿ ಒಳ ಅಳತೆಯನ್ನೇ ಸ್ಥಿರವಾಗಿಟ್ಟು ಹೊರ ಅಳತೆಯನ್ನು ಬೆಳೆಸಬೇಕು.

ಮೂರನೆಯದು ಪದರಗಳ ಎಣಿಕೆ. ನಕ್ಷತ್ರಾಕಾರದ ಬಿಲ್ಲೆಗಳನ್ನು ಒಂದರ ಮೇಲೊಂದಿರಿಸಿ 60 ಮಿ.ಮೀ. ಶಿಖರ ಕಟ್ಟಲು 3 ಮಿ.ಮೀ. ಹಲಗೆಯಲ್ಲಿ 20 ಪದರಗಳು ಬೇಕು, 4 ಮಿ.ಮೀ. ಹಲಗೆಯಲ್ಲಿ 15 ಸಾಕು. ಆಗ ಪದರದಿಂದ ಪದರಕ್ಕೆ ಕಿರಿದಾಗುವ ಕ್ರಮವನ್ನೂ ಹೊಸದಾಗಿ ಹಂಚಬೇಕು.

ಇನ್ನೊಂದು ಎಚ್ಚರಿಕೆ: ಅಂಗಡಿಯವರು ಹೇಳುವ ದಪ್ಪವನ್ನು ನಂಬದೆ ವರ್ನಿಯರ್ ಕ್ಯಾಲಿಪರ್ಸ್‌ನಿಂದ ಹಲವೆಡೆ ಅಳೆಯಬೇಕು. ಲೇಸರ್ ಕಿರಣವು ತಾನು ಸಾಗಿದ ಗೆರೆಯಲ್ಲಿ ಎಳೆಯಷ್ಟು ಮರವನ್ನು ಸುಟ್ಟು ಕಳೆಯುವುದರಿಂದ ಕಚ್ಚು ನಕ್ಷೆಗಿಂತ ತುಸು ಸಡಿಲವಾಗುವುದು; ಅಷ್ಟನ್ನು ಮುಂಚೆಯೇ ಕಡಿಮೆ ಬರೆಯಬೇಕು. ಅದೇ ಹಲಗೆಯ ಚೂರೊಂದರಲ್ಲಿ 3.7, 3.8, 3.9, 4.0 ಮಿ.ಮೀ. ಅಗಲದ ಕಚ್ಚುಗಳನ್ನು ಕತ್ತರಿಸಿ, ಸುತ್ತಿಗೆಯಿಲ್ಲದೆ ಬಿಗಿಯಾಗಿ ಕೂಡುವುದನ್ನು ಆರಿಸಿಕೊಳ್ಳುವುದು ಕ್ಷೇಮಕರ.

ಎರಡನೆಯ ಸಲ ಹೀಗೆಯೇ ಮಾಡಿದೆವು. ಆರನೆಯ ತರಗತಿಯ ಬಾಲಕಿಯೊಬ್ಬಳು ಕೊನೆಯ ಬಿಲ್ಲೆಯನ್ನಿರಿಸಿ, ಮೂಲೆಗಳನ್ನು ಬೆರಳಿನಿಂದ ಎಣಿಸಿ, ‘ಇಪ್ಪತ್ತನಾಲ್ಕೂ ಅದಾವ್ರೀ ಗುರುಗಳ’ ಎಂದಳು. ವ್ಯರ್ಥವಾದ ಹಲಗೆಯ ಋಣವು ಆ ಮಾತಿನಿಂದ ತೀರಿತೆಂದು ಭಾವಿಸುತ್ತೇನೆ.